ಕಿರುಬೆರಳಿನ ನೇರಳೆ

ಜೂನ್ ೧೮

ಪ್ರೀತಿಯ ಅತ್ತಿಗೆ,

ಸಿಕ್ಕಿತು! ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ನೇರ ಕೊನೆಯ ಪುಟಕ್ಕೆ ಹಾರುತ್ತೀರಿ. ಮೊದಲ ವರ್ಷದ ವಿದ್ಯಾರ್ಥಿವೇತನ ಸಿಕ್ಕಿತು. ಶುಲ್ಕ, ಹಾಸ್ಟೆಲಿನ ಕೋಣೆ, ಎರಡು ಹೊತ್ತಿನ ಊಟ, ಎಲ್ಲ ಅದರಲ್ಲೇ. ಪಂಪು ರಿಪೇರಿ ಅಂಗಡಿ ಅಡವಿಡುವ ಯೋಚನೆಯನ್ನು ಅಣ್ಣ ಇನ್ನು ತಲೆಯಿಂದ ತೆಗೆದುಹಾಕಲಿ. "ಸಾರ್ವಜನಿಕ ಆರೋಗ್ಯ ಅಂತೆ! ಸೂಜಿ ಚುಚ್ಚೋಕೂ ಬರಲ್ಲ, ಮಾತ್ರೆ ಬರೆಯೋಕೂ ಬರಲ್ಲ, ನೀನೆಂಥಾ ಡಾಕ್ಟ್ರು?" ಎಂದು ಹೊರಡುವ ದಿನವೂ ಗೊಣಗುತ್ತಿದ್ದನಲ್ಲ, ಅವನ ಬಾಯಿ ಮುಚ್ಚಿಸಿ ನನ್ನನ್ನು ಬಸ್ಸು ಹತ್ತಿಸಿದವರು ನೀವು. ಅದನ್ನು ಮರೆಯುವವಳಲ್ಲ ನಿಮ್ಮ ನಾದಿನಿ.

ಸಂದರ್ಶನದಲ್ಲಿ ನಿಮ್ಮ ಕಥೆಯನ್ನೇ ಹೇಳಿದೆ. ಉದ್ದನೆಯ ಮೇಜು, ಆಚೆ ಸಮಿತಿಯವರು, ಈಚೆ ನಾನೊಬ್ಬಳೇ. ನನ್ನ ಅತ್ತಿಗೆ ಮನೆ ಮನೆಗೆ ಹೋಗಿ ಮಕ್ಕಳ ಬಾಯಿಗೆ ಲಸಿಕೆಯ ಹನಿ ಹಾಕುತ್ತಾರೆ, ಹಾಕಿದ ಗುರುತಿಗೆ ಎಡಗೈ ಕಿರುಬೆರಳಿಗೆ, ಉಗುರೂ ಸೇರಿ, ಬಣ್ಣದ ಗೆರೆ ಎಳೆಯುತ್ತಾರೆ, ಆದರೆ ಸರ್ಕಾರ ಕೊಡುವ ಪೆನ್ನಿನ ಶಾಯಿ ಎರಡು ಸಲ ಕೈ ತೊಳೆದರೆ ಮಾಯ, ಆಮೇಲೆ ಸೂಪರ್‌ವೈಸರ್ ಬಂದು ಬರಿ ಬೆರಳು ನೋಡಿ ಅತ್ತಿಗೆಯನ್ನೇ ಸುಳ್ಳುಗಾರ್ತಿ ಅನ್ನುತ್ತಾನೆ, ಎಂದೆ. ಅಲ್ಲಿವರೆಗೆ ಒರಗಿ ಕೂತಿದ್ದವರೆಲ್ಲ ಮುಂದಕ್ಕೆ ಬಾಗಿದರು.

ಈಗ ಕೇಳಿ. ಎರಡನೆಯ ವರ್ಷದ ವೇತನ ತಾನಾಗಿ ಬರುವುದಿಲ್ಲ. ಜನರ ನಡುವೆ ಉಪಯೋಗಕ್ಕೆ ಬಂದ ಒಂದು ಕೆಲಸ ತೋರಿಸಿದವರಿಗೆ ಮಾತ್ರ. ಅದು ಸಿಗದಿದ್ದರೆ ಓದು ಅರ್ಧಕ್ಕೇ ನಿಲ್ಲುತ್ತದೆ. ನಾನು ಹುಡುಕುತ್ತ ಎಲ್ಲಿಗೂ ಹೋಗಬೇಕಾಗಿಲ್ಲ, ನಿಮ್ಮ ಪೆನ್ನೇ ಇದೆಯಲ್ಲ! ಇಲ್ಲಿನ ಪ್ರಯೋಗಾಲಯದವರ ಕೈಕಾಲು ಹಿಡಿದು ಹೊಸ ನೇರಳೆ ಶಾಯಿ ಮಾಡಿಸಿದ್ದೇನೆ. ಒಂದು ಪೆಟ್ಟಿಗೆ ಪೆನ್ನು ಈ ವಾರವೇ ತಲುಪುತ್ತದೆ. ಎಷ್ಟು ದಿನ ನಿಲ್ಲುತ್ತದೆ ಎಂದು ನೋಡಿ ಬರೆಯಿರಿ. ಗುಬ್ಬಿಗೆ ಮುತ್ತು, ಅಣ್ಣನಿಗೆ ಒಂದು ಗುದ್ದು.

ನಿಮ್ಮ ನಾದಿನಿ

ಜುಲೈ ೯

ಡಾಕ್ಟರಮ್ಮನಿಗೆ ಅತ್ತಿಗೆ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಓದಿ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ನಿನ್ನಣ್ಣ ಮೂರು ಸಲ ಓದಿಸಿಕೊಂಡು, ಕೊನೆಗೆ "ಊಟ ಎರಡೇ ಹೊತ್ತಾ?" ಎಂದು ಕೇಳಿದ. ಅವನಿಗೆ ಸಂತೋಷವಾದರೆ ಹೀಗೇ, ಏನಾದರೂ ಕೊಂಕು ಹುಡುಕಬೇಕು. ಫೋನು ಮಾಡೋಣ ಅಂದರೆ ಮಧ್ಯೆ ಮಧ್ಯೆ ಬಾಯಿ ಹಾಕುತ್ತಾನೆ. ಕಾಗದವಾದರೆ ಪೂರ್ತಿ ನನ್ನದು.

ನಿನ್ನ ಪೆನ್ನು ಬಂತು. ಮಾರಾಯ್ತಿ, ಅದೇನು ಶಾಯಿಯೋ! ಐಸ್ ಪೆಟ್ಟಿಗೆ ಹೊತ್ತು ನನ್ನ ಜೊತೆ ತಿರುಗುವ ಡಬ್ಬಿ ಮಾವ ಮೊದಲು ತನ್ನ ಬೆರಳಿಗೇ ಹಚ್ಚಿಕೊಂಡ. ಬೂದಿ ಹಾಕಿ ತಿಕ್ಕಿದ, ಸೀಮೆಎಣ್ಣೆ ಹಾಕಿ ತಿಕ್ಕಿದ, ನಿನ್ನಣ್ಣನ ಅಂಗಡಿಗೆ ಹೋಗಿ ಗ್ರೀಸು ತೆಗೆಯುವ ದ್ರಾವಣ ಹಾಕಿ ತಿಕ್ಕಿದ. ಬೆರಳು ಕೆಂಪಾಯಿತೇ ಹೊರತು ನೇರಳೆ ಹೋಗಲಿಲ್ಲ. "ಇದು ನನ್ನ ಜೊತೆ ಮಣ್ಣಿಗೇ ಬರೋದು ಕಣಮ್ಮ" ಎಂದು ನಕ್ಕ. ಹತ್ತು ದಿನದ ಮೇಲೆ ಸೂಪರ್‌ವೈಸರ್ ಬಂದು ಮಕ್ಕಳ ಬೆರಳೆಲ್ಲ ನೋಡಿದ. ಮೊದಲ ಬಾರಿಗೆ ಅವನ ಬಾಯಲ್ಲಿ ಒಂದು ಬೈಗುಳವೂ ಬರಲಿಲ್ಲ.

ಗುಬ್ಬಿಯದೇ ಮೊದಲ ಬೆರಳು. ನನ್ನ ಪದ್ಧತಿ ನಿನಗೆ ಗೊತ್ತಲ್ಲ. ನನ್ನ ಮಗಳ ಬಾಯಿಗೆ ಹಾಕದೆ ಇನ್ನೊಬ್ಬರ ಮಗುವಿನ ಬಾಯಿಗೆ ಹಾಕುವವಳಲ್ಲ. ಓಣಿಯವರೆಲ್ಲ ನಿಂತು ನೋಡುವಾಗ ಅವಳನ್ನು ಡಬ್ಬಿಯ ಮೇಲೆ ಕೂರಿಸಿ ಹನಿ ಹಾಕಿ ಗೆರೆ ಎಳೆದೆ. ಮಹಾರಾಣಿಯ ಹಾಗೆ ಕೈ ಚಾಚಿದಳು. ಈ ಕಾಗದದ ಹಿಂದೆ ಅವಳು ಬರೆದಿರುವುದು ನಿನ್ನ ಚಿತ್ರವಂತೆ, ಕೋಳಿಯಲ್ಲ.

ಕೆಳಗಿನ ಓಣಿಯಲ್ಲಿ ಒಂದು ಕೂಸು ತೀರಿಕೊಂಡಿತು. ನಾವು ಹನಿ ಹಾಕಿದ ಮಾರನೆಯ ದಿನ. ಜ್ವರ ಮೊದಲೇ ಇತ್ತು, ತಾಯಿ ನಮಗೆ ಹೇಳಲಿಲ್ಲ. ಡಾಕ್ಟರು ಬಂದು ಲಸಿಕೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಿ ಹೋದರು. ಆದರೆ ಕೂಸಿನ ಚಿಕ್ಕಪ್ಪನ ಬಾಯಿ ಮುಚ್ಚಿಸುವವರು ಯಾರು? ಗುರುತು ಹಾಕಿಸಿಕೊಂಡ ಮಕ್ಕಳ ಉಸಿರಿನಿಂದ ಮಿಕ್ಕ ಮಕ್ಕಳಿಗೆ ವಿಷ ಹತ್ತುತ್ತದೆ ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಇಬ್ಬರು ಮೂವರು ತಾಯಂದಿರು ಗುಟ್ಟಾಗಿ ಬಂದು "ಅಕ್ಕಾ, ಇದನ್ನ ತೆಗೆಯೋಕೆ ಏನಾದ್ರೂ ಇದೆಯಾ?" ಎಂದು ಕೇಳಿದರು. ಇಲ್ಲ ಕಣ್ರವ್ವಾ ಎಂದೆ. ಹೇಳುವಾಗ ನನಗೆ ಒಳಗೊಳಗೇ ಹೆಮ್ಮೆ, ನಮ್ಮ ಹುಡುಗಿ ಮಾಡಿದ ಶಾಯಿ ಅಂತ.

ಅತ್ತಿಗೆ

ಜುಲೈ ೨೭

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದವನ್ನು ನಮ್ಮ ಮೇಷ್ಟರಿಗೆ ಓದಿ ಹೇಳಿದೆ. ಡಬ್ಬಿ ಮಾವನ ಬೂದಿ, ಸೀಮೆಎಣ್ಣೆಯ ಪ್ರಯೋಗ ಕೇಳಿ ಅವರು ಬಿದ್ದು ಬಿದ್ದು ನಕ್ಕರು. "ನಮ್ಮ ಪ್ರಯೋಗಾಲಯದಲ್ಲೂ ಇಷ್ಟು ಚೆನ್ನಾಗಿ ಪರೀಕ್ಷೆ ಮಾಡಿಲ್ಲ" ಎಂದರು. ವರದಿ ಬರೆಯಲು ಶುರು ಮಾಡಿದ್ದೇನೆ. ಎರಡನೆಯ ವರ್ಷ ಸಿಕ್ಕ ಹಾಗೆಯೇ ಅಂತ ಸಹಪಾಠಿಗಳೆಲ್ಲ ಈಗಲೇ ಹೊಟ್ಟೆ ಉರಿದುಕೊಳ್ಳುತ್ತಿದ್ದಾರೆ.

ಆ ಚಿಕ್ಕಪ್ಪನ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. ವದಂತಿಯ ಬಗ್ಗೆಯೇ ನಮಗೊಂದು ಪಾಠ ಇದೆ ಇಲ್ಲಿ. ಬಚ್ಚಿಟ್ಟಷ್ಟೂ ಅದು ಬೆಳೆಯುತ್ತದಂತೆ. ಹಾಗಾಗಿ ಹಿಂದೆ ಸರಿಯಬೇಡಿ. ಗುರುತು ಹಾಕಿಸಿಕೊಂಡ ಮಕ್ಕಳನ್ನು ಓಣಿಯಲ್ಲಿ ಸಾಲಾಗಿ ನಿಲ್ಲಿಸಿ, ಎಲ್ಲರಿಗೂ ಕಾಣುವ ಹಾಗೆ ಕೈ ಎತ್ತಿಸಿ. ಇಷ್ಟು ಮಕ್ಕಳು ಗಟ್ಟಿಮುಟ್ಟಾಗಿದ್ದಾರೆ ಎಂದು ಕಣ್ಣಾರೆ ನೋಡಿದರೆ ಭಯ ತಾನಾಗಿ ಕರಗುತ್ತದೆ. ಒಂದು ಫೋಟೋ ಕಳಿಸಿ, ವರದಿಯ ಮೊದಲ ಪುಟಕ್ಕೆ ಹಾಕುತ್ತೇನೆ.

ಆ ಕೋಳಿ ನಾನೇ. ಗುಬ್ಬಿಗೆ ಹೇಳಿ, ಕೊಕ್ಕು ಸ್ವಲ್ಪ ಚಿಕ್ಕದು ಮಾಡಲಿ.

ನಿಮ್ಮ ನಾದಿನಿ

ಸೆಪ್ಟೆಂಬರ್ ೧೪

ಡಾಕ್ಟರಮ್ಮನಿಗೆ,

ನಿನ್ನ ಎರಡು ಕಾಗದ, ಒಂದು ಕಾರ್ಡು ಬಂದಿವೆ. ಬರೆಯಲು ಆಗಲಿಲ್ಲ. ಕೆಲಸ ನಿಂತಿದೆ. ನಾನು ಆರೋಗ್ಯ ಕೇಂದ್ರದ ಔಷಧಿ ಕೋಣೆಯಲ್ಲಿ ಗುಬ್ಬಿಯ ಜೊತೆ ಇದ್ದೇನೆ. ಇಲ್ಲಿ ಒಂದು ಮಂಚ, ಒಂದು ಫ್ರಿಜ್ಜು ಇವೆ. ಸಾಕು.

ಡಬ್ಬಿ ಮಾವ ಹೋಗಿಬಿಟ್ಟ. ತಲೆಗೆ ಪೆಟ್ಟಾಗಿತ್ತು.

ಗುಬ್ಬಿ ಈ ಸಲ ಚಿತ್ರ ಬರೆದಿಲ್ಲ. ಕೈಗೆ ಸ್ವಲ್ಪ ಗಾಯ ಆಗಿದೆ, ವಾಸಿಯಾಗುತ್ತಿದೆ.

ಶಾಯಿ ಹೋಗುವುದಿಲ್ಲ. ನಿನ್ನ ವರದಿಗೆ ಅದು ತಾನೇ ಬೇಕಾಗಿದ್ದದ್ದು? ಬರೆದುಕೋ, ಏನು ಮಾಡಿದರೂ ಹೋಗುವುದಿಲ್ಲ.

ಅತ್ತಿಗೆ

ಸೆಪ್ಟೆಂಬರ್ ೨೯

ಪ್ರೀತಿಯ ಅತ್ತಿಗೆ,

ಡಬ್ಬಿ ಮಾವನ ಸುದ್ದಿ ಓದಿ ಅತ್ತೆ. ಆ ವಯಸ್ಸಿನಲ್ಲಿ ಅಷ್ಟು ಭಾರ ಹೊತ್ತು ಆ ಇಳಿಜಾರಿನಲ್ಲಿ ಓಡಾಡಿದರೆ ಒಂದಲ್ಲ ಒಂದು ದಿನ ಕಾಲು ಜಾರದೆ ಇರುತ್ತದೆಯೇ? ಇಲಾಖೆಯವರು ಒಂದು ಕೈಗಾಡಿಯನ್ನಾದರೂ ಕೊಡಬೇಕಿತ್ತು. ಅವರ ಹೆಂಡತಿಗೆ ಪರಿಹಾರ ಸಿಗುತ್ತದೆಯಾ ವಿಚಾರಿಸಿ.

ನಾನು ಅಣ್ಣನಿಗೆ ಫೋನು ಮಾಡಿದ್ದೆ. ಮಾತೇ ಆಡುವುದಿಲ್ಲ ಮಹಾಶಯ. ಕೊನೆಗೆ "ನಿಮ್ಮತ್ತಿಗೆ ಮನೆ ಬಿಟ್ಟು ಹೋದ್ಲು, ನನ್ನ ಮುಖ ನೋಡಲ್ಲ" ಎಂದ. ಅತ್ತಿಗೆ, ಅವನು ಒರಟ ನಿಜ. ಮಾತು ಆಡಲು ಬರುವುದಿಲ್ಲ ಅದೂ ನಿಜ. ಆದರೆ ಕೆಟ್ಟವನಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ನೀವು ಒಂದು ತಿಂಗಳು ಎಳೆದಿದ್ದೀರಿ. ಕೂಸನ್ನು ಅಪ್ಪನಿಂದ ದೂರ ಇಟ್ಟು ಫ್ರಿಜ್ಜಿನ ಪಕ್ಕ ಮಲಗಿಸುವಂಥದ್ದು ಏನಾಗಿದೆ? ದೊಡ್ಡವರು ನೀವು, ಸ್ವಲ್ಪ ಬಾಗಿದರೆ ಏನೂ ಕಡಿಮೆಯಾಗುವುದಿಲ್ಲ.

ಇನ್ನು ಸಂತೋಷದ ಸುದ್ದಿ. ವರದಿ ಸಮಿತಿಗೆ ಬಹಳ ಹಿಡಿಸಿದೆ. ಬರುವ ವರ್ಷ ಎಲ್ಲ ಕಡೆಯ ಲಸಿಕೆ ತಂಡಗಳಿಗೂ ಇದೇ ಪೆನ್ನು ಕೊಡುವ ಮಾತು ನಡೆದಿದೆ. ಎರಡನೆಯ ವರ್ಷದ ವೇತನದ ಪಟ್ಟಿಯಲ್ಲಿ ನನ್ನದೇ ಮೊದಲು. ಒಂದೇ ಕೊರತೆ. ತಾಯಂದಿರು ಈ ಗುರುತನ್ನು ಸಂತೋಷದಿಂದ ಒಪ್ಪಿಕೊಂಡರು ಎಂದು ಮನೆ ಮನೆಗೆ ಹೋದವರೇ ಒಂದು ಸಾಲು ಬರೆದು ಸಹಿ ಮಾಡಬೇಕಂತೆ. ನಿಮ್ಮ ಸಹಿ ಬಂದರೆ ಕೆಲಸ ಮುಗಿಯಿತು. ತಡ ಮಾಡಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ನಿಮ್ಮ ನಾದಿನಿ

ಅಕ್ಟೋಬರ್ ೧೧

ನಾದಿನಿಗೆ,

ನಿನಗೆ ಒಂದು ಸಾಲು ಬೇಕೇ? ತಗೋ, ಪುಟಗಟ್ಟಲೆ ಕೊಡುತ್ತೇನೆ. ಕೂತು ಓದು. ಎದ್ದು ಹೋಗಬೇಡ.

ನಿನಗೆ ಹೇಳಬಾರದು ಎಂದಿದ್ದೆ. ಪೇಪರಿನಲ್ಲೂ ನಲ್ಲಿ ನೀರಿನ ಗಲಾಟೆ ಎಂದು ಎರಡೇ ಸಾಲು ಬಂದಿತ್ತು. ಪರೀಕ್ಷೆ ಮುಗಿಯಲಿ, ವೇತನ ಕೈಗೆ ಬರಲಿ, ಆಮೇಲೆ ನೋಡೋಣ ಎಂದು ಹಲ್ಲು ಕಚ್ಚಿಕೊಂಡಿದ್ದೆ. ಕಚ್ಚಲು ಎರಡು ಹಲ್ಲು ಕಡಿಮೆ ಇವೆ ಈಗ. ಆದರೆ ನೀನು ಉಂಡು ಮಲಗುವ ಗಾದೆ ಹೇಳಿದೆಯಲ್ಲ, ಅದನ್ನು ಓದಿ ನನ್ನ ಮೈಯೆಲ್ಲ ಉರಿಯಿತು.

ಆಗಸ್ಟ್ ತಿಂಗಳಲ್ಲಿ ಎರಡನೆಯ ಸುತ್ತು. ನೀನು ಬರೆದ ಹಾಗೇ ಮಾಡಿದೆ. ಕೆಳಗಿನ ಓಣಿಯ ಮಕ್ಕಳನ್ನು ನಲ್ಲಿಯ ಹತ್ತಿರ ಸಾಲಾಗಿ ನಿಲ್ಲಿಸಿದೆ, ಕೈ ಎತ್ತಿಸಿದೆ. ಮಕ್ಕಳಿಗೆ ಅದೊಂದು ಆಟ. ಆಚೆ ಬದಿಯಲ್ಲಿ ಸತ್ತ ಕೂಸಿನ ಚಿಕ್ಕಪ್ಪ ಮತ್ತು ಅವನ ಕಡೆಯವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ನೋಡಲಿ, ಭಯ ಕರಗಲಿ ಎಂದುಕೊಂಡೆ. ಅವರು ಯಾವ ಕೈ ಯಾರ ಮನೆಯದು ಎಂದು ಗುರುತು ಹಿಡಿಯುತ್ತಿದ್ದರು.

ಎರಡು ದಿನಕ್ಕೆ ಇನ್ನೊಂದು ಕೂಸಿಗೆ ಜ್ವರ ಬಂತು. ಬೆಳಿಗ್ಗೆ ನಾವು ಡಬ್ಬಿ ಹೊತ್ತು ಓಣಿಯ ಬಾಯಿಗೆ ಬಂದಾಗ ಗುಂಪು ಆಗಲೇ ಸೇರಿತ್ತು. ಬಡಿಗೆ, ಕಬ್ಬಿಣದ ಸರಳು, ಸೈಕಲ್ ಚೈನು. ಡಬ್ಬಿ ಮಾವನ ಕೊರಳಪಟ್ಟಿ ಹಿಡಿದು "ತೆಗಿ ಮುದುಕಾ, ಏನಿದೆ ಇದ್ರಲ್ಲಿ?" ಎಂದರು. ತೆಗೆದ. "ವಿಷ ಅಲ್ಲ ಅಂದ್ರೆ ಕುಡಿ" ಎಂದರು. ಅವನು ಒಂದೊಂದೇ ಸೀಸೆಯ ಮುಚ್ಚಳ ತೆಗೆದು ಗಂಟಲಿಗೆ ಸುರಿದುಕೊಂಡ. ಎಲ್ಲ ಮುಗಿಸಿ, ಬಾಯಿ ಒರೆಸಿಕೊಂಡು, "ನೋಡ್ರಪ್ಪಾ, ಏನಾಯ್ತು? ಸ್ವಲ್ಪ ಉಪ್ಪುಪ್ಪು, ಅಷ್ಟೇ" ಎಂದು ನಕ್ಕ. ಅವನು ನಕ್ಕದ್ದೇ ತಪ್ಪಾಯಿತು. ಅವನ ಡಬ್ಬಿಯನ್ನೇ ಎತ್ತಿ ಅವನ ತಲೆಗೆ ಹೊಡೆದರು. ಬಿದ್ದ ಮೇಲೂ ಹೊಡೆದರು. ಐಸಿನ ತುಂಡುಗಳು ಕೆಂಪಾಗಿ ಚರಂಡಿಗೆ ಉರುಳಿದವು. ಅವನು ಕಾಲು ಜಾರಿ ಬಿದ್ದ ಅಂದೆಯಲ್ಲ, ಅವನು ಜೀವಮಾನದಲ್ಲಿ ಒಂದು ಸಲವೂ ಜಾರಿದವನಲ್ಲ. ಆಸ್ಪತ್ರೆಯಲ್ಲಿ ಮೂರು ದಿನ ಇದ್ದ. ಕಣ್ಣು ತೆರೆಯಲಿಲ್ಲ.

ನನ್ನ ಬಾಯಿಗೆ ಸರಳಿನ ತುದಿ ಬಡಿಯಿತು. ತರಕಾರಿ ಮಾರುವವಳೊಬ್ಬಳು ನನ್ನ ಜಡೆ ಹಿಡಿದು ತನ್ನ ಗಾಡಿಯ ಕೆಳಗೆ ಎಳೆದುಕೊಂಡಳು. ಅಲ್ಲಿಂದಲೇ ಎಲ್ಲ ನೋಡಿದೆ. ಮನೆ ಮನೆಗೆ ನುಗ್ಗಿದರು. ನಾನು ಹೋಗುವ ಹಾಗೆಯೇ, ನಾನು ಹೋಗುವ ಸರದಿಯಲ್ಲಿಯೇ. "ಬೆರಳು ತೋರ್ಸು!" ನೇರಳೆ ಕಂಡರೆ ಅಪ್ಪನನ್ನು ಹೊರಗೆಳೆದು ಬಡಿದರು, ಪಾತ್ರೆ ಹಾಸಿಗೆ ಬೀದಿಗೆಸೆದು ಬೆಂಕಿ ಹಚ್ಚಿದರು, ಮಗುವನ್ನು ಓಣಿಯಾಚೆ ದಬ್ಬಿದರು. ಒಬ್ಬಳು ತಾಯಿ ಮಗುವಿನ ಕೈಯನ್ನು ಕಲ್ಲಿಗೆ ಉಜ್ಜುತ್ತ ಕೂತಿದ್ದಳು. ರಕ್ತ ಬಂತು, ನೇರಳೆ ಹೋಗಲಿಲ್ಲ. ಒಬ್ಬಳು ಬಟ್ಟೆ ಸುತ್ತಿದ್ದಳು. ಬಟ್ಟೆ ಸುತ್ತಿದ ಕೈಗಳನ್ನೇ ಅವರು ಮೊದಲು ಹಿಡಿದರು. ಒಂದು ಕೂಸಿನ ಮಣಿಕಟ್ಟು ತಿರುಚಿದ ಶಬ್ದ ನನಗೆ ಗಾಡಿಯ ಕೆಳಗೆ ಕೇಳಿಸಿತು.

ಸರ್ಕಾರದ ಹಳೆಯ ಪೆನ್ನಾಗಿದ್ದರೆ ಎರಡು ತೊಳೆತಕ್ಕೆ ಹೋಗುತ್ತಿತ್ತು. ಅದನ್ನು ಯೋಚಿಸು.

ಈಗ ನಿನ್ನಣ್ಣನ ವಿಷಯ. ಗಲಾಟೆಯ ಸುದ್ದಿ ಅಂಗಡಿಗೆ ಮುಟ್ಟಿತು. ಮನೆಗೆ ಓಡಿ ಬಂದ. ನಾನು ಸತ್ತೆ ಎಂದು ಯಾರೋ ಹೇಳಿದ್ದರಂತೆ. ಗುಬ್ಬಿ ಮನೆಯಲ್ಲಿ ಪಕ್ಕದ ಮನೆಯ ಅಜ್ಜಿಯ ಜೊತೆ ಇದ್ದಳು. ಅವಳ ಬೆರಳಿನ ಗೆರೆಯನ್ನು ಬ್ಲೇಡಿನಿಂದ ಕೆರೆದು ನೋಡಿದ. ಅಂಗಡಿಯಲ್ಲಿ ಕಬ್ಬಿಣ ಸವೆಸುವ ಅರ ತಂದು ಉಜ್ಜಿ ನೋಡಿದ. ಚರ್ಮ ಕಿತ್ತುಬಂತು, ಉಗುರಿನ ಬಣ್ಣ ಹಾಗೇ ಇತ್ತು. ಆಮೇಲೆ ಇಕ್ಕಳ ತಗೊಂಡ. ಅಜ್ಜಿ ಬೇಡವೋ ಬೇಡವೋ ಎಂದು ಕೈಗೆ ಜೋತುಬಿದ್ದರೆ ಅವಳನ್ನು ನೂಕಿದ. ಮಗಳನ್ನು ಎರಡು ಮೊಣಕಾಲ ನಡುವೆ ಪಂಪಿನ ಹಾಗೆ ಅದುಮಿ ಹಿಡಿದು ಉಗುರನ್ನು ಬೇರಿನಿಂದ ಕಿತ್ತ.

ನಾನು ರಕ್ತ ಉಗುಳುತ್ತ ಮನೆಗೆ ಬಂದಾಗ ಅವಳು ಅಳುತ್ತಿರಲಿಲ್ಲ. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಅವನು ನನ್ನನ್ನು ನೋಡಿ "ಬದುಕಿದ್ಯಾ?" ಎಂದ. ಆಮೇಲೆ "ಜೀವ ಉಳೀತಲ್ಲ, ಬೆರಳೇನು ದೊಡ್ಡದು" ಎಂದ. ನಾನು ಅದೇ ಇಕ್ಕಳ ಎತ್ತಿ ಅವನ ಮುಖಕ್ಕೆ ಹೊಡೆದೆ. ಅವನ ಹುಬ್ಬಿನ ಮೇಲೆ ಇನ್ನೂ ಗುರುತಿದೆ. ಇನ್ನೊಂದು ಸಲ ಹೊಡೆಯಲು ಅವನೇ ಮುಖ ಒಡ್ಡಿ ನಿಂತ.

ಗುಂಪು ನಮ್ಮ ಓಣಿಗೆ ಬರಲೇ ಇಲ್ಲ. ನಲ್ಲಿಯ ಹತ್ತಿರ ಪೊಲೀಸರು ಬಂದು ಗುಂಡು ಹಾರಿಸಿದರು, ಚೆದುರಿಹೋಯಿತು.

ಬಂದಿದ್ದರೆ? ಬಂದಿದ್ದರೆ ಮೊದಲು ಹುಡುಕುತ್ತಿದ್ದದ್ದು ಗುಬ್ಬಿಯನ್ನೇ. ಹಾಗಾಗಿ ನಿನ್ನಣ್ಣ ಮಾಡಿದ್ದು ತಪ್ಪು ಎನ್ನಲು ನನಗೆ ಬಾಯಿಲ್ಲ. ಸರಿ ಎನ್ನಲು ಎದೆಯಿಲ್ಲ. ಅವನ ಜೊತೆ ಒಂದೇ ಸೂರಿನ ಕೆಳಗೆ ಇರಲು ಆಗುವುದಿಲ್ಲ, ಅಷ್ಟೇ. ಇದನ್ನು ಬಾಗುವುದು ಬೀಗುವುದು ಎಂದು ಅಳೆಯಬೇಡ.

ನಿನ್ನ ಸಾಲಿಗೆ ಸಹಿ ಹಾಕುವುದಿಲ್ಲ. ಆ ಪೆನ್ನು ಇನ್ನೊಂದು ಊರಿಗೆ ಹೋಗಬಾರದು. ಆದರೆ ಇನ್ನೊಂದು ಮಾತು ಕೇಳು. ಓದು ಬಿಟ್ಟು ಬಂದರೆ ಕಾಲು ಮುರಿಯುತ್ತೇನೆ. ಆ ಮೇಜಿನ ಆಚೆ ನಮ್ಮ ಮನೆಯವಳೊಬ್ಬಳು ಕೂರಬೇಕು ಎಂದೇ ನಿನ್ನನ್ನು ಕಳಿಸಿದ್ದು. ಎರಡೂ ಹೇಗಾಗುತ್ತದೆ ಎಂದು ನನ್ನನ್ನು ಕೇಳಬೇಡ. ನೀನು ಓದಿದವಳು.

ಅತ್ತಿಗೆ

ನವೆಂಬರ್ ೬

ಅತ್ತಿಗೆ,

ಏನೆಂದು ಶುರು ಮಾಡಲಿ? ಕ್ಷಮಿಸಿ ಎಂದು ನಾಲ್ಕು ಕಾಗದ ಬರೆದು ಹರಿದೆ. ಆ ಮಾತು ತೀರಾ ಚಿಕ್ಕದು, ಕೇಳಿದರೆ ನಿಮಗೆ ಇನ್ನಷ್ಟು ಸಿಟ್ಟು ಬರುತ್ತದೆ. ಕೈ ಎತ್ತಿಸಿ ಎಂದು ಬರೆದದ್ದು ನಾನು. ಅದನ್ನು ಬರೆಯುವಾಗ ಕಿಟಕಿಯ ಹತ್ತಿರ ಕೂತು ಚಹಾ ಕುಡಿಯುತ್ತಿದ್ದೆ.

ಮೇಷ್ಟರ ಬಳಿ ಹೋಗಿ ವರದಿ ವಾಪಸು ಕೊಡಿ ಎಂದೆ. ಅವರು ಸಮಿತಿ ಕರೆಸಿದರು. ಮತ್ತೆ ಅದೇ ಮೇಜು. ನಿಮ್ಮ ಕಾಗದದಲ್ಲಿದ್ದದ್ದನ್ನೆಲ್ಲ ಬಾಯಲ್ಲಿ ಹೇಳಿದೆ. ಡಬ್ಬಿ ಮಾವ ಸೀಸೆ ಕುಡಿದದ್ದು, ಬೆಂಕಿ, ಮಣಿಕಟ್ಟು, ಇಕ್ಕಳ. ಒಬ್ಬರು ಲೋಟ ತಳ್ಳಿ ಎದ್ದು ಹೊರಗೆ ಹೋದರು. ನನ್ನ ಕಥೆ ಮುಗಿಯಿತು, ಗಂಟುಮೂಟೆ ಕಟ್ಟಬೇಕು ಎಂದುಕೊಂಡೆ.

ಪೆನ್ನಿನ ಯೋಜನೆ ನಿಲ್ಲಿಸಿದರು. ಅಲ್ಲೇ, ನನ್ನೆದುರೇ ಫೋನು ಮಾಡಿ ನಿಲ್ಲಿಸಿದರು. ಇದೊಂದು ನಿಮಗೆ ಮೊದಲು ಹೇಳಬೇಕಿತ್ತು.

ಆಮೇಲೆ ಅಧ್ಯಕ್ಷರು, "ನೋಡಮ್ಮ, ಇದು ಶಾಯಿಗಿಂತ ದೊಡ್ಡ ವಿಷಯ. ಗುರುತಿನಿಂದ ಏನೇನು ಅಪಾಯ ಆಗುತ್ತೆ ಅಂತ ಯಾರೂ ಇಷ್ಟು ಹತ್ತಿರದಿಂದ ಬರೆದಿಲ್ಲ. ನೀನೇ ಬರಿ. ಎರಡನೇ ವರ್ಷದ್ದು ಪೂರ್ತಿ ಕೊಡ್ತೀವಿ" ಎಂದರು. ಇನ್ನೊಬ್ಬರು ಮೆಲ್ಲನೆ ಸೇರಿಸಿದರು, "ಮಗುವಿನ ಬೆರಳಿನ ಫೋಟೋ ಒಂದಿದ್ರೆ ಚೆನ್ನಾಗಿರುತ್ತೆ. ಉಗುರಿಲ್ಲದ ಹಾಗೆ. ಮುಖ ಬೇಡ."

ಕೇಡು ಬಗೆಯುವವರಲ್ಲ ಅವರು, ಅತ್ತಿಗೆ. ಅದೇ ನನಗೆ ಹೆದರಿಕೆ. ಅವರ ಕಣ್ಣಲ್ಲಿ ನೀರಿತ್ತು. ಶಾಯಿ ಅಳಿಸದೆ ಉಳಿದದ್ದಕ್ಕೆ ಸಿಗಬೇಕಾಗಿದ್ದ ವೇತನ ಈಗ ಗುಬ್ಬಿಯ ಬೆರಳಿಗೆ ಸಿಗುತ್ತದೆ. ಮನೆಯವರನ್ನು ಕೇಳಿ ಹೇಳುತ್ತೇನೆ ಎಂದು ಎದ್ದು ಬಂದೆ. ನೀವು ಏನು ಹೇಳಿದರೆ ಅದು.

ನಿಮ್ಮ ನಾದಿನಿ

ನವೆಂಬರ್ ೧೯

ನಾದಿನಿಗೆ,

ಪೆನ್ನು ನಿಂತಿತಲ್ಲ. ಆ ಸಾಲನ್ನು ಡಬ್ಬಿ ಮಾವನ ಹೆಂಡತಿಗೆ ಓದಿ ಹೇಳಿದೆ. "ಊರೆಲ್ಲ ಕೊಳ್ಳೆ ಹೋದಮೇಲೆ ಕೋಟೆ ಬಾಗಿಲು ಹಾಕಿದ್ರಾ?" ಎಂದಳು. ಆಮೇಲೆ ತಾನೇ "ಹಾಕಿದ್ರಲ್ಲ ಬಿಡು, ಬೇರೆ ಊರುಗಳಿವೆ" ಎಂದಳು. ಅವಳಿಗಿರುವ ದೊಡ್ಡ ಮನಸ್ಸು ನನಗಿಲ್ಲ.

ಫೋಟೋ ಕೊಡುವುದಿಲ್ಲ. ಬೆರಳು ನೋಡಬೇಕಾದರೆ ಆ ಪುಣ್ಯಾತ್ಮರು ಬಸ್ಸು ಹತ್ತಿ ಬಂದು, ಈ ಮಂಚದ ಮೇಲೆ ಕೂತು, ಅವಳನ್ನು ಕೇಳಿ ನೋಡಲಿ. ಅವಳು ಕಚ್ಚಿದರೆ ನಾನು ಜವಾಬ್ದಾರಳಲ್ಲ.

ಬರೆಯುವುದಾದರೆ ಬರೆ. ಯಾರಾದರೂ ಬರೆಯಲೇಬೇಕು. ಆದರೆ "ಸ್ಥಳೀಯರು ಹೀಗೆ ಮಾಡಿದರು" ಎಂದು ಬರೆದು ಕೈ ತೊಳೆದುಕೊಳ್ಳಬೇಡ. ಶಾಯಿ ಮಾಡಿಸಿದವಳು ನಾನು ಎಂದು ಬರೆ. ಕೈ ಎತ್ತಿಸಿ ಎಂದವಳು ನಾನು ಎಂದು ಬರೆ. ಎತ್ತಿಸಿದವಳು ನನ್ನ ಅತ್ತಿಗೆ, ಶಾಯಿ ಹೋಗುವುದಿಲ್ಲ ಎಂದು ಹೆಮ್ಮೆ ಪಟ್ಟವಳೂ ಅವಳೇ, ಕಿತ್ತವನು ನನ್ನ ಅಣ್ಣ, ಅದನ್ನೂ ಬರೆ. ಅಷ್ಟನ್ನೂ ಬರೆದ ಮೇಲೆ ಅವರು ಹಣ ಕೊಟ್ಟರೆ ತಲೆ ಎತ್ತಿ ತಗೊಂಡು ಓದು. ಕೊಡದಿದ್ದರೆ ಬಾ, ಇಲ್ಲಿ ಡಬ್ಬಿ ಹೊರುವವರಿಲ್ಲ. ಕಾಲು ಮುರಿಯುತ್ತೇನೆ ಎಂದಿದ್ದೆನಲ್ಲ, ಆ ಮಾತು ವಾಪಸು ತಗೊಂಡಿದ್ದೇನೆ. ಡಬ್ಬಿ ಹೊರಲು ಕಾಲು ಬೇಕು.

ಸೋಮವಾರದಿಂದ ಕೆಲಸ ಮತ್ತೆ ಶುರು. ಕೆಳಗಿನ ಓಣಿಗೂ ಹೋಗುತ್ತೇನೆ. ಪೆನ್ನು ಇಲ್ಲದೆ ಹೋಗುತ್ತೇನೆ ಎಂದು ಸೂಪರ್‌ವೈಸರ್‌ಗೆ ಹೇಳಿದೆ. ನನ್ನ ಬಾಯಿಯ ಖಾಲಿ ಜಾಗ ನೋಡಿ ಅವನು ರಿಜಿಸ್ಟರಿನಲ್ಲಿ ಹಾಗೇ ಬರೆದುಕೊಂಡ.

ನಿನ್ನಣ್ಣ ದಿನಾ ಸಂಜೆ ಕೇಂದ್ರದ ಗೇಟಿನವರೆಗೆ ಬರುತ್ತಾನೆ. ಒಳಗೆ ಕರೆಯುವುದಿಲ್ಲ, ಹೋಗು ಎನ್ನುವುದೂ ಇಲ್ಲ. ನಿನ್ನೆ ಗುಬ್ಬಿ ತಾನೇ ಗೇಟಿನ ತನಕ ಹೋದಳು. ಕೈ ಹಿಂದೆ ಕಟ್ಟಿಕೊಂಡು ನಿಂತಳು. ಅವನು ಬಗ್ಗಿ ಕೂತು, "ಕೈ ತೋರ್ಸು ಕಂದಾ, ನೋವಿದ್ಯಾ?" ಎಂದ. ತೋರಿಸಲಿಲ್ಲ. ಉಗುರು ಅರ್ಧ ಬೆಳೆದಿದೆ, ಬೆಳ್ಳಗೆ. ಅದನ್ನು ಯಾರಿಗೂ ಕಾಣದ ಹಾಗೆ ಮುಷ್ಟಿಯೊಳಗೆ ಇಟ್ಟುಕೊಂಡಿರುತ್ತಾಳೆ. ಅವನ ಮುಖವನ್ನೇ ನೋಡುತ್ತ ಕೇಳಿದಳು:

"ಉಗುರು ಮತ್ತೆ ಬಂದ್ರೆ ಮತ್ತೆ ಕೀಳ್ತೀಯಾ ಅಪ್ಪಾ?"

ಅವನು ಗೇಟಿನ ಸರಳು ಹಿಡಿದುಕೊಂಡು ಹಾಗೇ ನೆಲಕ್ಕೆ ಕುಸಿದ. ನಾನು ಹೋಗಿ ಎಬ್ಬಿಸಲಿಲ್ಲ.

ಅತ್ತಿಗೆ

ಡಿಸೆಂಬರ್ ೩

ಅತ್ತಿಗೆ,

ನೀವು ಹೇಳಿದ ಹಾಗೆಯೇ ಬರೆದೆ. ಒಂದೂ ಬಿಡಲಿಲ್ಲ. ಫೋಟೋ ಇಲ್ಲ ಎಂದೆ, ಪರವಾಗಿಲ್ಲ ಎಂದರು. ಎರಡು ದಿನದ ನಂತರ ಕಾರ್ಯದರ್ಶಿ ಕರೆಸಿ, ತಿದ್ದಿದ ಪ್ರತಿಯನ್ನು ಮುಂದಿಟ್ಟರು. ವೇತನದ ಆದೇಶವೂ ಅದರ ಪಕ್ಕದಲ್ಲೇ ಇತ್ತು, ಸಹಿಯಾಗಿ. "ಭಾಷೆ ಸ್ವಲ್ಪ ಸರಿಮಾಡಿದ್ದೀವಿ, ಇಲ್ಲೊಂದು ಸಹಿ ಹಾಕಿಬಿಡಿ" ಎಂದರು.

ನಾನು ಎಂದು ಬರೆದಲ್ಲೆಲ್ಲ ಗೆರೆ ಹೊಡೆದಿದ್ದರು. "ಶಾಯಿ ಮಾಡಿಸಿದವಳು ನಾನು" ಎಂಬುದು "ಒಂದು ಶಾಯಿಯನ್ನು ಒದಗಿಸಲಾಗಿತ್ತು" ಆಗಿತ್ತು. "ಕೈ ಎತ್ತಿಸಿ ಎಂದೆ" ಎಂಬುದು "ಮಕ್ಕಳ ಕೈಗಳನ್ನು ಎತ್ತಿಸಲಾಯಿತು" ಆಗಿತ್ತು. ನಿಮ್ಮನ್ನು, ಅಣ್ಣನನ್ನು ಎಲ್ಲಿಯೂ ಬಿಟ್ಟಿರಲಿಲ್ಲ. ಇಕ್ಕಳ ಹಾಗೇ ಇತ್ತು. ಡಬ್ಬಿ ಮಾವ ಹಾಗೇ ಇದ್ದ. ನಾನೊಬ್ಬಳೇ ಇರಲಿಲ್ಲ.

ಯಾಕೆ ಎಂದು ಕೇಳಿದೆ. ವೇತನ ಪಡೆಯುವ ವಿದ್ಯಾರ್ಥಿನಿ ಹೀಗೆ ತನ್ನ ಮೇಲೇ ಬರೆದುಕೊಂಡರೆ ನಾಳೆ ಸಂಸ್ಥೆಗೆ ತೊಂದರೆ ಎಂದರು. ನನ್ನ ಒಳ್ಳೆಯದಕ್ಕೇ ಎಂದರು. ಒಳ್ಳೆಯ ಪೆನ್ನನ್ನೂ ಕೊಟ್ಟರು ಸಹಿಗೆ.

ಸುಳ್ಳು ಹೇಳುವುದಿಲ್ಲ ಅತ್ತಿಗೆ, ಹಿಡಿದುಕೊಂಡು ಕೂತೆ. ಆ ಕೋಣೆ, ಆ ಗ್ರಂಥಾಲಯ, ಇನ್ನೊಂದೇ ವರ್ಷ. ನೀವು ಅಣ್ಣನ ಜೊತೆ ಜಗಳವಾಡಿ ನನ್ನನ್ನು ಕಳಿಸಿದ್ದು, ಎಲ್ಲ ಕಣ್ಣ ಮುಂದೆ ಬಂತು. ಕೈಗೆ ಬಂದ ತುತ್ತು ಎದುರಿಗಿತ್ತು. ಪೆನ್ನು ಕೆಳಗಿಟ್ಟೆ. ಸಹಿ ಹಾಕಲಿಲ್ಲ. ಅವರು ಆದೇಶವನ್ನು ಮಡಚಿ ಡ್ರಾಯರಿನಲ್ಲಿ ಇಟ್ಟುಕೊಂಡರು.

ಗೆರೆ ಹೊಡೆಯದ ನನ್ನ ಪ್ರತಿಯನ್ನು ಮೇಷ್ಟರಿಗೆ ಕೊಟ್ಟಿದ್ದೇನೆ. ತಾವೇ ಎಲ್ಲಿಯಾದರೂ ಅಚ್ಚು ಹಾಕಿಸಲು ನೋಡುತ್ತೇನೆ ಎಂದಿದ್ದಾರೆ. ಆದೀತೋ ಇಲ್ಲವೋ ಗೊತ್ತಿಲ್ಲ. ಮೊದಲ ವರ್ಷ ಮುಗಿಯುವವರೆಗೆ ಇರಬಹುದಿತ್ತು, ಆದರೆ ಅವರ ಹಣದಲ್ಲಿ ಇನ್ನೊಂದು ತುತ್ತೂ ಬೇಡವೆನಿಸಿ ಕೋಣೆ ಖಾಲಿ ಮಾಡಿದ್ದೇನೆ. ಗುರುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ನೀವು ಬೈಯುವುದಿದ್ದರೆ ಬಸ್ ಸ್ಟ್ಯಾಂಡಿನಲ್ಲೇ ಬೈದು ಮುಗಿಸಿ, ಮಾರನೆಯ ದಿನ ಕೆಳಗಿನ ಓಣಿಗೆ ಡಬ್ಬಿ ನಾನು ಹೊರುತ್ತೇನೆ. ಹೆದರಿಕೆ ಆಗುತ್ತಿದೆ. ಆದರೂ ಹೊರುತ್ತೇನೆ.

ಒಂದೇ ಕೇಳಿಕೊಳ್ಳುವುದು. ಗುಬ್ಬಿಯನ್ನು ಕರೆದುಕೊಂಡು ಬಂದರೆ, ಅತ್ತೆಗೆ ಕೈ ಕೊಡು ಎಂದು ಅವಳಿಗೆ ಹೇಳಬೇಡಿ. ಆ ಬೆರಳನ್ನು ನನ್ನಿಂದಲೂ ಬಚ್ಚಿಟ್ಟುಕೊಳ್ಳಲಿ.

ನಿಮ್ಮ ನಾದಿನಿ